ಓದದೆ ಒತ್ತಿದ ಒಪ್ಪಿಗೆಗಳು

ದೊಡವಾಡದಲ್ಲಿ ಮೂಡಣ ಇನ್ನೂ ಕೆಂಪೇರಿಲ್ಲ. ಬಾಯವ್ವನ ಮನೆಯ ಕಟ್ಟೆಗೆ ಸೈಕಲ್ಲು ಒರಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಅರವತ್ತೆಂಟರ ಮಡಿವಾಳೆಪ್ಪ ಕಾಗದದ ಕಟ್ಟು ಬಿಚ್ಚಿ ಗಟ್ಟಿಯಾಗಿ ಓದತೊಡಗುತ್ತಾರೆ. ಎಮ್ಮೆ ಹಿಂಡುತ್ತಿರುವ ಬಾಯವ್ವನ ಕೈ ತಟ್ಟನೆ ನಿಲ್ಲುತ್ತದೆ.

“ಯವ್ವಾ! ನಾ ತಂಗಿಗೆ ಬರಸಿದ್ದನ್ನ ಪರದೇಶದ ಸರಕಾರ ಓದತೈತೇನ?”

“ಕೇಳಿದ್ರ ಕೊಡತೇವಂತ ಜಾಲತಾಣದ ಕಂಪನಿಯವರು ಕರಾರಿನ್ಯಾಗ ಬರದಾರಬೇ. ನಿನ್ನ ಪರವಾಗಿ ‘ಒಪ್ಪೇನಿ’ ಅಂತ ನಾನ ಒತ್ತೇನಿ.”

“ಯಾರನ್ನ ಕೇಳಿ ಒಪ್ಪಿದ್ಯೋ, ದೊಡ್ಡ ಶಾಣ್ಯಾ!”

ಮಡಿವಾಳೆಪ್ಪ ಮುಂದಿನ ಪುಟ ತಿರುವುತ್ತಾರೆ.

ಬೈಲಹೊಂಗಲದ ತಹಶೀಲ್ದಾರ ಕಚೇರಿಯೆದುರು ಇಪ್ಪತ್ತಾರು ವರ್ಷ ಅರ್ಜಿ ಬರೆದವರು ಅವರು. ಬರೆದುದನ್ನು ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡವರಲ್ಲ. ಯಾವ ಅಂಕಣವನ್ನೂ ಖಾಲಿ ಬಿಟ್ಟವರಲ್ಲ. 2006ರಲ್ಲಿ ಬಸ್ ನಿಲ್ದಾಣದ ಸೈಬರ್ ಕೆಫೆ ಸೇರಿದ ಮೇಲೆ, ಅಕ್ಷರ ಬಾರದ 212 ಮಂದಿಗೆ ದೂರದ ಬಂಧುಗಳೊಡನೆ ಮಾತಾಡುವ ಜಾಲತಾಣವೊಂದರಲ್ಲಿ ಖಾತೆ ತೆರೆದುಕೊಟ್ಟರು. ತಂದೆಯ ಹೆಸರು, ಊರು, ಓಣಿ, ಎಲ್ಲವನ್ನೂ ನಿಷ್ಠೆಯಿಂದ ತುಂಬಿದರು. ಕಡೆಯ ನಲವತ್ತು ಪುಟಗಳ ಇಂಗ್ಲಿಷ್ ಕರಾರನ್ನು ಮಾತ್ರ ಓದಲಿಲ್ಲ.

ಕಳೆದ ಶ್ರಾವಣದಲ್ಲಿ ಹೂಲಿಯ ಸಾವಿತ್ರೆವ್ವ ಓಡುತ್ತ ಬಂದಳು. ಕೊಲ್ಲಿ ದೇಶವೊಂದರಲ್ಲಿ ಗೌಂಡಿಯಾಗಿರುವ ಅವಳ ತಮ್ಮ ಪರಸಪ್ಪ, ಜೊತೆಗಾರನೊಬ್ಬ ಕಟ್ಟಡದಿಂದ ಬಿದ್ದು ಸತ್ತದ್ದನ್ನು ಮಾಲೀಕರು ಮುಚ್ಚಿಹಾಕಿದರೆಂದು ಆ ಜಾಲತಾಣದಲ್ಲಿ ಅಕ್ಕನಿಗೆ ಬರೆದಿದ್ದ. ಅಲ್ಲಿನ ಪೊಲೀಸರು ಅವನನ್ನು ಮೂರು ದಿನ ಕೂಡಿಹಾಕಿ, ಆ ಮಾತುಗಳನ್ನೇ ಮುದ್ರಿಸಿ ಮುಂದಿಟ್ಟರು. ಜೊತೆಗೆ ಅಕ್ಕನ ಖಾತೆಯ ಸಮಸ್ತ ವಿವರ.

“ನಮ್ಮಪ್ಪನ ಹೆಸರ ಹಿಡದ ಕೇಳ್ಯಾರ್ರಿ. ನಮ್ಮಪ್ಪ ಸವದತ್ತಿ ದಾಟಿದಾಂವ ಅಲ್ಲ. ಅವನ ಹೆಸರ ಅಲ್ಲೀತನಕ ಹೆಂಗ ಹೋತ್ರಿ?” ಎಂದಳು ಸಾವಿತ್ರೆವ್ವ.

“ಆ ಹೆಸರ ಬರದಾಂವ ನಾನ,” ಎನ್ನುತ್ತಾರೆ ಮಡಿವಾಳೆಪ್ಪ.

ಪರಸಪ್ಪ ಬಿಡುಗಡೆಯಾಗಿ ಕೆಲಸಕ್ಕೆ ಮರಳಿದ್ದಾನೆ. ಈಗ ಅವನು ಬರೆಯುವುದು ಒಂದೇ ಮಾತು: ಆರಾಮ ಅದೇನಿ.

ನಿಘಂಟು ಹಿಡಿದು ಎರಡು ತಿಂಗಳು ಕೂತ ಮಡಿವಾಳೆಪ್ಪ ಆ ಕರಾರನ್ನು ಕನ್ನಡಕ್ಕಿಳಿಸಿದ್ದಾರೆ. ಜನ ಹೊಲಕ್ಕೆ ಹೊರಡುವ ಮುನ್ನ ದಿನಕ್ಕೊಂದು ಮನೆ. ಓದಲು ಮುಕ್ಕಾಲು ಗಂಟೆ. ಖಾತೆ ಅಳಿಸಿದರೂ ಅದರ ನಕಲು ಕಂಪನಿಯಲ್ಲೇ ಉಳಿದೀತೆಂಬುದನ್ನೂ ಮರೆಮಾಚುವುದಿಲ್ಲ. ಕಿತ್ತೂರು, ರಾಮದುರ್ಗ ಸೇರಿ ತೊಂಬತ್ನಾಲ್ಕು ಮಂದಿ ಕೇಳಿದ್ದಾರೆ. ಎಪ್ಪತ್ತೊಂದು ಮಂದಿ “ಅಳಿಸಿ ಬಿಡ್ರಿ” ಎಂದಿದ್ದಾರೆ. ಬಾಯವ್ವ ಎಪ್ಪತ್ತೆರಡನೆಯವಳು.

“ಬೈಸಿಕೊಳ್ಳಾಕ ಬ್ಯಾಸರಿಲ್ರಿ,” ಎನ್ನುತ್ತ ಅವರು ಸೈಕಲ್ಲು ಹತ್ತುತ್ತಾರೆ. “ಇನ್ನೂ ನೂರಾ ಹದಿನೇಳ ಮಂದಿ ಅದಾರ. ಅವರಿಗೆಲ್ಲ ಓದಿ ಹೇಳೂತನಕ ಈ ಕಣ್ಣಾಗ ಬೆಳಕ ಇರಲಿ ಅಂತ ಸೊಗಲದ ಸೋಮೇಶ್ವರಗ ಬೇಡ್ಕೊಂಡೇನಿ.”