ಹಂದಿಗೂಡಿನಲ್ಲಿ ಸಿಕ್ಕ ಅಂಗಡಿ

2019ರ ಮಳೆಗಾಲದಲ್ಲಿ ನಾನು ಮಡಿಕೇರಿಯಲ್ಲಿ ವಿಮಾ ಸರ್ವೇಯರ್ ಆಗಿದ್ದೆ. ವಿಮೆ ಮಾಡಿಸಿದವರಿಗೆ ನಷ್ಟವಾದಾಗ ಸ್ಥಳಕ್ಕೆ ಹೋಗಿ, ಏನು ಎಷ್ಟು ಹಾಳಾಗಿದೆ ಎಂದು ನೋಡಿ ಕಂಪನಿಗೆ ವರದಿ ಕೊಡುವುದು ಸರ್ವೇಯರ್ ಕೆಲಸ. ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ದಡಕ್ಕೆ ನುಗ್ಗಿದ ವಾರ ನನ್ನ ಪಾಲಿಗೆ ಬಂದ ಕಡತಗಳಲ್ಲಿ ಜಯಮ್ಮನವರ ದಿನಸಿ ಅಂಗಡಿಯದೂ ಒಂದು.

ರಸ್ತೆ ತೆರೆಯುವುದು ತಡವಾಯಿತು. ನಾನು ತಲುಪಿದಾಗ ಅಂಗಡಿ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಖಾಲಿ ಕಪಾಟು, ಫಿನಾಯಿಲ್ ವಾಸನೆ, ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ. ಹಾಳಾದ ಸರಕು ಒಂದು ಕಾಳೂ ಇರಲಿಲ್ಲ.

"ಸರ್ವೇಯರ್ ಬರೋವರೆಗೂ ಏನೂ ಮುಟ್ಟಬಾರದು ಅಂತ ಪಾಲಿಸಿಯಲ್ಲೇ ಇದೆಯಲ್ಲಮ್ಮ" ಎಂದೆ.

ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಜಯಮ್ಮ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ನಿಂತರು. "ಗಬ್ಬು ನಾತ ಕಣ್ ಸಾರ್! ತೋಟದ ಕೂಲಿ ಲೈನಿನ ಮಕ್ಳು ಬಂದು ಬಿಸ್ಕತ್ತು ಎತ್ಕೊಂಡು ತಿಂದಿದ್ರೆ ನೀವು ಆಸ್ಪತ್ರೆಗೆ ಬರ್ತಿದ್ರಾ?"

ಕಂಪನಿಯ ಅಧಿಕಾರಿಗೆ ಫೋನ್ ಮಾಡಿದೆ. "ನೋಡೋಕೆ ಏನೂ ಇಲ್ಲ ಅಂದ್ರೆ ಕ್ಲೇಮೂ ಇಲ್ಲ, ಕಡತ ಮುಚ್ಚಿ" ಎಂದರು. ಕ್ಲೇಮ್ ತಪ್ಪಿದರೆ ಮತ್ತೆ ಸರಕು ತುಂಬಲು ಜಯಮ್ಮನವರಿಗೆ ಬೇರೆ ದಾರಿ ಇರಲಿಲ್ಲ. ಅಂಗಡಿ ಅಲ್ಲಿಗೇ ಮುಗಿಯುತ್ತಿತ್ತು. ಅವರ ಬಳಿ ಸಗಟು ವ್ಯಾಪಾರಿಯ ಬಿಲ್ಲುಗಳೇನೋ ಇದ್ದವು. ಆದರೆ ಬಿಲ್ಲು ಕೊಂಡದ್ದನ್ನು ಹೇಳುತ್ತದೆ, ನೀರು ಬಂದ ದಿನ ಅದು ಅಂಗಡಿಯಲ್ಲಿತ್ತೆಂದು ಹೇಳುವುದಿಲ್ಲ.

"ಅಕ್ಕಿ ಎಲ್ಲಿ ಹೋಯ್ತು?"

"ಪೊನ್ನಪ್ಪಣ್ಣನ ಹಂದಿಗೆ. ಹೊಳೆಗೆ ಸುರಿಯೋಕಾಗುತ್ತಾ?"

ಜಯಮ್ಮನೇ ಕರೆದುಕೊಂಡು ಹೋದರು. ಪೊನ್ನಪ್ಪನವರ ಕಾಫಿ ತೋಟದ ಮನೆ ರಸ್ತೆಯಾಚೆಯ ಏರಿನಲ್ಲಿತ್ತು. ಅಲ್ಲಿಗೆ ನೀರು ಹತ್ತಿರಲಿಲ್ಲ. ಗೂಡಿನ ಪಕ್ಕದ ಹಂಡೆಯಲ್ಲಿ ಅಕ್ಕಿ ಬೇಯುತ್ತಿತ್ತು. ನಾನು ಕ್ಯಾಮೆರಾ ತೆಗೆದದ್ದೇ ಪೊನ್ನಪ್ಪ ನಕ್ಕರು. "ಹಂದಿ ಸಾಕ್ಷಿ ಹೇಳುತ್ತೆ ಸಾರ್, ಸೈನ್ ಮಾತ್ರ ಹಾಕಲ್ಲ. ಜಯಕ್ಕ, ನಿಮ್ಮ ಅಕ್ಕಿ ತಿಂದು ಇವು ನನ್ನನ್ನೇ ಮರೆತಿವೆ!"

"ಹಬ್ಬಕ್ಕೆ ಕುಯ್ಯೋವಾಗ ನೆನಪಾಗ್ತೀಯ ಬಿಡು" ಎಂದರು ಜಯಮ್ಮ.

ನನ್ನ ಕಣ್ಣು ಸೂರಿನ ಕೆಳಗೆ ಹೋಯಿತು. ತೋಟದವರು ಚೀಲ ಎಸೆಯುವುದಿಲ್ಲ. ಕಾಫಿ ಹಣ್ಣು ಕೊಯ್ಯುವಾಗ ಬೇಕಾಗುತ್ತದೆಂದು ಎತ್ತಿಡುತ್ತಾರೆ. ಅಕ್ಕಿಯ ಚೀಲಗಳನ್ನೆಲ್ಲ ಪೊನ್ನಪ್ಪ ಸಾಲಾಗಿ ಒಣಹಾಕಿದ್ದರು. ಒಂದನ್ನು ಒಳಮಗ್ಗುಲು ತಿರುಗಿಸಿದೆ. ಹೊಲಿಗೆಯಲ್ಲಿ ಹೊಳೆಯ ಕೆಸರು, ಅದಕ್ಕೆ ಅಂಟಿದ ಊದಿದ ಅಕ್ಕಿ. ನೀರು ಬಾರದ ಈ ಏರಿನಲ್ಲಿ ಆ ಕೆಸರು ಅಂಟುವಂತಿರಲಿಲ್ಲ, ಅಂಗಡಿಯಲ್ಲೇ ಅಂಟಿದ್ದು. ಮೇಲಿದ್ದ ಮಿಲ್ಲಿನ ಹೆಸರು ಬಿಲ್ಲಿಗೆ ಹೊಂದಿತು. ಎಲ್ಲವನ್ನೂ ಎಣಿಸಿ ಫೋಟೊ ತೆಗೆದೆ. ಬಿಸ್ಕತ್ತು, ಹಿಟ್ಟಿನ ಪೊಟ್ಟಣಗಳನ್ನು ಜಯಮ್ಮ ಅಂಗಡಿಯ ಹಿಂದೆ ಹೂತಿದ್ದರು. ಗುಂಡಿ ಅಗೆಸಿದೆ. ತಯಾರಿಕೆಯ ದಿನಾಂಕಗಳು ಇನ್ನೂ ಓದುವಂತಿದ್ದವು, ಹಳೆಯ ಸರಕಲ್ಲವೆಂದು ಗೊತ್ತಾಯಿತು.

ಮುಟ್ಟಬಾರದೆಂದ ಅದೇ ಪಾಲಿಸಿ, ನಷ್ಟ ಹಾಗೂ ಅಪಾಯ ಹೆಚ್ಚದಂತೆ ಅಂಗಡಿಯವರು ಎಚ್ಚರ ವಹಿಸಬೇಕೆಂದೂ ಹೇಳುತ್ತದೆ. ಕೊಳೆತ ತಿನಿಸನ್ನು ಮಕ್ಕಳ ಕೈಗೆ ಸಿಗದಂತೆ ಮಾಡಿದ್ದು ಆ ಎಚ್ಚರವೇ ಎಂದು ವರದಿಯಲ್ಲಿ ಬರೆದೆ. ಅಧಿಕಾರಿ ಎರಡು ಸಲ ತಕರಾರು ತೆಗೆದರು. ಎರಡು ಸಲವೂ ಫೋಟೊಗಳನ್ನು ಮುಂದಿಟ್ಟೆ. ಕ್ಲೇಮ್ ಮಂಜೂರಾಯಿತು. ನೀರಿನಲ್ಲಿ ಕರಗಿಹೋದ ಉಪ್ಪು, ಸಕ್ಕರೆಗೆ ಮಾತ್ರ ಗುರುತು ಸಿಕ್ಕಿರಲಿಲ್ಲ, ಅದನ್ನು ಲೆಕ್ಕದಿಂದ ಬಿಟ್ಟಿದ್ದೆ.

ಹಣ ಬಂದು ಅಂಗಡಿ ಮತ್ತೆ ತುಂಬಿದ ಮೇಲೆ ಒಮ್ಮೆ ಹೋದಾಗ ಜಯಮ್ಮ ಅದಕ್ಕೂ ಬಿಡಲಿಲ್ಲ. "ಸಕ್ಕರೇನೂ ಹಂದಿ ತಿಂದಿದ್ರೆ ಕೊಡಿಸ್ತಿದ್ರಾ ಸಾರ್?"

"ಚೀಲ ತೋರಿಸಿದ್ರೆ ಕೊಡಿಸ್ತಿದ್ದೆ."

"ಹಂಗಾದ್ರೆ ಹೊಳೆ ತಿಂದಿದ್ದಕ್ಕೆ ಲೆಕ್ಕ ಇಲ್ಲ ಅನ್ನಿ" ಎಂದವರೇ ಗಿರಾಕಿಗೆ ಬೇಳೆ ತೂಗಲು ತಿರುಗಿದರು.

ಅಂದಿನಿಂದ ಸಣ್ಣ ಅಂಗಡಿಯವರಿಗೆ ನಾನು ಹೇಳುವುದು ಒಂದೇ: ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಆಮೇಲೆ ಪೊರಕೆ ಹಿಡಿಯಿರಿ. ನನ್ನ ನಂತರ ಈ ಕೆಲಸಕ್ಕೆ ಬಂದವರಿಗೆ ಹೇಳುವುದು ಬೇರೆ. ಖಾಲಿ ಅಂಗಡಿ ಕಂಡ ತಕ್ಷಣ ಕಡತ ಮುಚ್ಚಬೇಡಿ. ಸರಕು ಎಲ್ಲಿಗೆ ಹೋಯಿತೆಂದು ಕೇಳಿ, ಅಲ್ಲಿಯವರೆಗೂ ನಡೆದುಹೋಗಿ.