ಅತ್ತೆಯ ಕಣ್ಣಿಗೆ ಸೂಜಿ, ನನಗೆ ಕತ್ತಲು

೧೯೯೬ರಲ್ಲಿ, ನನ್ನ ಮದುವೆಯಾದ ಮರುವರ್ಷ, ಬಿಂಡಿಗನವಿಲೆಯ ನನ್ನ ಅತ್ತೆಗೆ ಮೈಸೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆರೈಕೆಗೆಂದು ಅವರನ್ನು ಚಿನಕುರಳಿಯ ನಮ್ಮ ಮನೆಗೇ ಕರೆತಂದಿದ್ದೆವು. ನಾನಾಗ ಕ್ವಾರಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸ ಮಾಡುತ್ತಿದ್ದೆ. ಯಾವುದಕ್ಕೂ ಹೆದರದವನು ಎಂಬ ಜಂಬ ಇತ್ತು. ಅತ್ತೆ ಮಾತ್ರ ಅಳಿಯನ ಎದುರು ಬರಲು ಸಂಕೋಚಪಟ್ಟು, ಬಾಗಿಲ ಮರೆಯಲ್ಲೇ ನಿಂತು ಮಾತಾಡುವವರು.

ಮೂರ್ನಾಲ್ಕು ದಿನ ಕಳೆದಿರಬೇಕು. ಬೆಳಗ್ಗೆ ಏಳುವಷ್ಟರಲ್ಲಿ ಅವರ ಕಣ್ಣು ಕೆಂಪಗಾಗಿ ರೆಪ್ಪೆ ಊದಿತ್ತು. “ಮಂಜು ಕವಿದಂಗೆ ಕಾಣ್ತದೆ ಕಣವ್ವ, ನೋವು ತಡೆಯಕಾಗ್ತಿಲ್ಲ” ಎಂದು ಮಗಳ ಹತ್ತಿರ ಹೇಳಿದರು. ನನ್ನ ಹೆಂಡತಿ ತುಂಬು ಬಸುರಿ. ನಾನೇ ಅತ್ತೆಯನ್ನು ಪಾಂಡವಪುರಕ್ಕೆ ಕರೆತಂದು, ಜೊತೆಯಲ್ಲೇ ಮೈಸೂರಿನ ಬಸ್ಸು ಹತ್ತಿದೆ. ನೋವಿಗೆ ಅವರು ಕಾಫಿಯನ್ನೂ ಮುಟ್ಟಲಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ವಡೆ ತಿಂದೆ.

ಆಸ್ಪತ್ರೆಯಲ್ಲಿ, ಆಪರೇಷನ್ ಮಾಡಿದ್ದ ಡಾಕ್ಟರಮ್ಮ ಪರೀಕ್ಷೆ ಮಾಡಿ, “ಕಣ್ಣಿನ ಒಳಗೆ ಸೋಂಕಾಗಿದೆ. ಬರೀ ಹನಿ, ಮಾತ್ರೆ ಸಾಲದು. ಆಂಟಿಬಯಾಟಿಕ್ ಇಂಜೆಕ್ಷನ್ ಕಣ್ಣೊಳಗೇ ಕೊಡಬೇಕು. ತಡವಾದರೆ ದೃಷ್ಟಿ ಹೋಗಬಹುದು” ಎಂದರು.

ಅತ್ತೆ ಹೆದರಿ ನನ್ನತ್ತ ತಿರುಗಿದರು. “ಅಳಿಯಂದ್ರೇ, ನೀವೂ ಒಳಕ್ಕೆ ಬನ್ನಿ” ಎಂದು ಮೊದಲ ಸಲ ನನ್ನ ಮುಖ ನೋಡಿ ಕೇಳಿದರು. ಡಾಕ್ಟರಮ್ಮ ಅನುಮಾನಿಸಿದರು. “ನಾನು ಬಂಡೆ ಸಿಡಿಸೋನು ಮೇಡಂ, ಇದಕ್ಕೆಲ್ಲ ಎದರಾಕಿಲ್ಲ” ಎಂದೆ.

ಗೌನು, ಟೋಪಿ ಹಾಕಿಸಿ ನಿಲ್ಲಿಸಿದರು. ಅತ್ತೆಯ ಕೈ ಹಿಡಿದುಕೊಂಡೆ. ಕಣ್ಣು ಮರಗಟ್ಟಿಸಿ, ರೆಪ್ಪೆ ಮುಚ್ಚದಂತೆ ಕ್ಲಿಪ್ಪು ಹಾಕಿದರು. ಸಣ್ಣ ಸೂಜಿ ಕಣ್ಣಿನ ಬಿಳಿ ಭಾಗದ ಹತ್ತಿರ ಬಂತು. ನನಗೆ ನೆನಪಿರುವುದು ಅಷ್ಟೇ.

ಎಚ್ಚರವಾದಾಗ ಹೊರಗಿನ ಬೆಂಚಿನ ಮೇಲಿದ್ದೆ. ಔಷಧಿಯ ತಟ್ಟೆಯನ್ನು ಮೈಮೇಲೆ ಕೆಡವಿಕೊಂಡು ಬಿದ್ದಿದ್ದೆನಂತೆ. “ಎಲ್ಲಾ ಮತ್ತೆ ಹೊಸದಾಗಿ ರೆಡಿ ಮಾಡ್ಬೇಕು. ಪಾಪ ಆಯಮ್ಮ ಕಾಯ್ತಾ ಮಲಗಿದಾರೆ. ಅಷ್ಟು ಧೈರ್ಯ ಇಲ್ದೋರು ಯಾಕ್ರೀ ಬರ್ಬೇಕಿತ್ತು?” ಎಂದು ನರ್ಸ್ ಬೈದರು. ಸಾಲಿನಲ್ಲಿ ಕೂತಿದ್ದವರು ನಕ್ಕರು. ನನ್ನಿಂದಾದ ತಡಕ್ಕೆ ಆ ಕಣ್ಣು ಹೋಗಿಬಿಟ್ಟರೆ ಎಂದು ಯೋಚಿಸುತ್ತ ಮುದುಡಿಕೊಂಡು ಕೂತೆ.

ಕೊನೆಗೂ ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದರು. ನನ್ನ ಪಕ್ಕದಲ್ಲೇ ಕೂತು, “ಈಗ ಎಂಗದೆ ನಿಮ್ಗೆ? ಅಸ್ಕೊಂಡು ಬಂದ್ಬುಟ್ರೇನೋ, ಅದ್ಕೇ ತಲೆ ತಿರುಗ್ಯದೆ” ಎಂದರು. ಅವರು ಹಸಿದಿದ್ದರು, ನಾನಲ್ಲ. ತಲೆ ಎತ್ತಲಾಗಲಿಲ್ಲ.

ಅವರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಆಗ ಡಾಕ್ಟರಮ್ಮ ನನಗೆ ಮೊದಲೇ, “ನೀವು ಹೊರಗೇ ಕೂತ್ಕೊಳ್ಳಿ” ಎಂದರು. ಸೋಂಕು ಇಳಿಯಿತು. ದೃಷ್ಟಿ ಪೂರ್ತಿ ಬರಲಿಲ್ಲ, ಆದರೆ ಮನುಷ್ಯರ ಗುರುತು ಹಿಡಿಯುವಷ್ಟು ಉಳಿಯಿತು.

ಊರಿಗೆ ಬಂದ ದಿನ ಊಟಕ್ಕೆ ಕೂತಿದ್ದೆ. ಪಕ್ಕದ ಮನೆಯವರೂ ಬಂದಿದ್ದರು. “ಕಣ್ಣಿಗೆ ಚುಚ್ಚುವಾಗ ಎದರಿಕೆ ಆಗ್ಲಿಲ್ವೇನವ್ವ?” ಎಂದು ನನ್ನ ಹೆಂಡತಿ ಕೇಳಿದಳು. ನನ್ನ ಕೈ ತಟ್ಟೆಯಲ್ಲೇ ನಿಂತಿತು.

“ನಿನ್ನ ಗಂಡ ಕೈ ಹಿಡ್ಕಂಡು ನಿಂತಿದ್ರು ಕಣಮ್ಮಿ. ಅವ್ರಿಲ್ದಿದ್ರೆ ನಾನು ಅಲ್ಲಾಡ್ಬುಡ್ತಿದ್ದೆ” ಎಂದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ, “ಇನ್ನೊಂದು ಮುದ್ದೆ ಇಕ್ಕು, ಸುಸ್ತಾಗವ್ರೆ” ಎಂದು ಮಗಳಿಗೆ ಹೇಳಿ ಆಚೆ ತಿರುಗಿದರು.

ಆ ಮುದ್ದೆಯನ್ನೂ ತಿಂದು ಎದ್ದೆ. ಆಸ್ಪತ್ರೆಯಲ್ಲಿ ಬಿದ್ದ ನಾಚಿಕೆ ಎಂದೋ ಮರೆತುಹೋಗಿದೆ. ನೋವು ತಿಂದವರೇ ನನ್ನ ಮಾನ ಕಾದರಲ್ಲ, ಆ ನಾಚಿಕೆ ಮಾತ್ರ ಇವತ್ತಿಗೂ ಹೋಗಿಲ್ಲ.