ವಿಕ್ಸಮ್‌ನಲ್ಲಿ ಹಾಳಾದ ನನ್ನ ಟೇಪು

ಸ್ನೇಹಿತರೇ, ಇವತ್ತು ಇಲ್ಲಿ ಅಮೆರಿಕದ ವಿಕ್ಸಮ್ ಊರಿನ ಒಬ್ಬ ಕನ್ನಡದ ಅಂಕಲ್ ಮನೆಗೆ ಅವರ ಹಳೆಯ ರೀಲ್ ಟೇಪ್ ಮೆಷೀನು ಕೊಳ್ಳಲು ಹೋಗಿದ್ದೆ. ರೆಕಾರ್ಡ್ ಕಂಪನಿಯೇ ಮುದ್ರಿಸಿ ಮಾರಿದ್ದ, ನನ್ನ ಬಳಿಯಿರುವ ವೀಣಾವಾದನದ ಟೇಪುಗಳನ್ನು ಕೇಳಲು ಅದು ಬೇಕಿತ್ತು. ಅಂಕಲ್ ತಮ್ಮದೇ ಟೇಪು ಹಾಕಿ ಕೇಳಿಸಿದರು, ಚೆನ್ನಾಗಿತ್ತು. ನಾನು ಚೀಲದಿಂದ ನನ್ನದನ್ನು ತೆಗೆದೆ.

"ಅದ್ಯಾಕ್ರೀ? ಈಗ ಕೇಳಿದ್ರಲ್ಲ!"

ಆ ಅವಸರವೇ ನನಗೆ ಅನುಮಾನ ತಂದಿತು. ಹಾಕಿಸಿದೆ. ವೀಣೆಯ ಜೊತೆಗೆ ಟೇಪಿನ ಇನ್ನೊಂದು ಬದಿಯ ಸಂಗೀತವೂ ಹಿಂದುಮುಂದಾಗಿ ಕೇಳಿಸಿತು. ಆ ಮೆಷೀನು ಎರಡೂ ಬದಿಗಳನ್ನು ಒಟ್ಟಿಗೇ ಓದುವಂಥದ್ದು. ಒಂದೇ ಬದಿಗೆ ರೆಕಾರ್ಡ್ ಮಾಡಿದ ಅವರ ಟೇಪಿಗೆ ಸರಿ, ಎರಡು ಬದಿಯಿರುವ ನನ್ನ ಟೇಪುಗಳಿಗೆ ಒಗ್ಗುವುದಿಲ್ಲ.

"ನಿಮ್ ಟೇಪೇ ಹಾಳಾಗಿದೆ ಕಣ್ರೀ," ಎಂದರು ಅಂಕಲ್.

ಸೋಫಾದಲ್ಲಿದ್ದ ಅವರ ಮಗಳು ಫೋನಿನಿಂದ ತಲೆಯೆತ್ತಿದಳು. "ಡ್ಯಾಡ್, ಲಾಸ್ಟ್ ವೀಕ್ ಬಂದ ಅಂಕಲ್‌ಗೂ ಸೇಮ್ ಥಿಂಗ್ ಹೇಳಿದ್ರಿ!"

ಆ ಮನೆಯ ಹೊಸ್ತಿಲು ದಾಟಿದೊಡನೆ ಎಲ್ಲರ ಟೇಪೂ ಹಾಳಾಗುತ್ತದೆಂದು ಕಾಣುತ್ತದೆ.